ತಳದಾಗಿನ ಸಿಕ್ಕಾ

೧೨ ಫೆಬ್ರುವರಿ ೧೯೭೯, ಸವಣೂರು

ಬಂಕಾಪುರದಿಂದ ಬರೂ ಬಸ್ ಇವತ್ತೂ ತಡ. ಬಂದ ಕೂಡ್ಲೆ ಕೆಲಸ. ಮುಮ್ತಾಜಬೇಗಂ ಅವರ ಬರಿಯೂ ಮೇಜು — ಫ್ರಾನ್ಸ್‌ದ್ದಂತ, ಅವರ ಅಜ್ಜ ತರಿಸಿದ್ದು. ಒಂದು ಕಾಲಿಗೆ ಒರಲಿ ಹತ್ತೇತಿ. ಮುಂದಿನ ವಾರ ಮುಂಬಯಿ ವ್ಯಾಪಾರಿ ನೋಡಾಕ ಬರ್ತಾನ. ಅದನ್ನ ಮಾರಿ ಹಜ್‌ಗೆ ಹೋಗ್ತಾರಂತ. "ಗುತ್ತೆಪ್ಪ, ನನ್ನ ಯಾತ್ರಾ ನಿನ್ನ ಕೈಯಾಗೈತಿ ನೋಡು," ಅಂದ್ರು. ನಕ್ಕೆ.

೧೫ ಫೆಬ್ರುವರಿ

ಕಾಲು ದುರಸ್ತಿ ಮಾಡಾಕ ಮೇಜು ಬೋರಲು ಹಾಕಿದೆ. ಅಬಬಾ, ಎಂಥಾ ಬಡಿಗ್ಯಾ! ಒಂದು ಮೊಳಿ ಇಲ್ಲ. ಸಂದಿನಾಗ ಉಗುರು ಹೋಗಂಗಿಲ್ಲ. ಎಲ್ಲ್ಯಾಂವೋ, ಯಾವಾಗ ಸತ್ತಾನೋ... ಕೈ ಮುಗದೆ.

ತಳದಾಗ ಇಂಗ್ಲಿಷ್ ಅಕ್ಷರ ಬಡದಿತ್ತು. ಫಾರೆಸ್ಟ್ ಡಿಪೋದವ್ರು ದಿಮ್ಮಿಗೆ ಹೊಡಿಯೂ ಸಿಕ್ಕಾ. ಆ ದೇಶದಾಗೂ ಹಂಗ ಇರ್ಬೇಕು. ಅದನ್ನ ಹಂಗ ಬಿಟ್ರ ಬಡಿಗ್ಯಾನ ಮರ್ಯಾದಿ ಏನು ಉಳೀತು? ರಂದಾ ಹೊಡದು ನುಣ್ಣಗ ಮಾಡಿದೆ. ನನ್ನ ಕೈಕೆಳಗಿನ ಹುಡುಗ ಮೆಹಬೂಬ ಪಾಲಿಶ್ ಹಚ್ಚಿದ. ಚೊಲೊ ಆಗೇತಿ.

೧೯ ಫೆಬ್ರುವರಿ

ವ್ಯಾಪಾರಿ ಬಂದ. ಬಂದವನೇ ಬ್ಯಾಟರಿ ಹಿಡ್ಕೊಂಡು ಮೇಜಿನ ಕೆಳಗ ಅಂಗಾತ ಮಲಗಿದ. "ಹೆಸರೆಲ್ಲಿ?" ಅಂದ. ಫ್ರಾನ್ಸ್‌ದಾಗ ಬಡಿಗ್ಯಾರು ತಮ್ಮ ಹೆಸರು ತಳದಾಗ ಬಡೀತಾರಂತ. ಅದಿದ್ರ ಬೆಲಿ. ಇಲ್ದಿದ್ರ ಬರೇ ಹಳೇ ಮೇಜು. ಬ್ಯಾಡ ಅಂದು ಹೊಂಟ ಹೋದ.

ಬೇಗಂ ಸಾಹೇಬ್ರು ಗ್ವಾಡಿ ಹಿಡ್ಕೊಂಡು ನಿಂತಿದ್ರು. ಅಳಿಸಿದಾಂವ ನಾನು ಅಂತ ಹೇಳದ ಬಸ್ ಹಿಡದೆ. ಥೂ ನನ್ನ.

೨ ಮಾರ್ಚ್

ಹನ್ನೊಂದು ದಿನ ಆತು, ಊಟ ಸೇರವಲ್ದು. ಮೆಹಬೂಬ ಅಂತಾನ — "ಅಕ್ಷರ ನೆನಪೈತಲ್ಲ, ಮತ್ತ ಕೆತ್ತು. ಯಾರಿಗೆ ಗೊತ್ತಾಗ್ತೈತಿ?" ಸಾಗವಾನಿ ತುಂಡಿನ ಮ್ಯಾಲೆ ಕೆತ್ತಿ ನೋಡಿದೆ. ಹುಬೇಹೂಬ ಅದರಂಗ ಬಂತು. ಹೆದರಿಕಿ ಆತು.

೩ ಮಾರ್ಚ್

ಬೇಗಂ ಸಾಹೇಬ್ರ ಮನಿಗೆ ಹೋದೆ. ತುಂಡು ಮುಂದಿಟ್ಟು ಎಲ್ಲಾ ಹೇಳಿದೆ. "ಯಾ ಅಲ್ಲಾ, ಎಂಥಾ ಕೆಲಸ ಮಾಡಿದ್ಯೋ!" ಬೇಗಂ ಸಾಹೇಬ್ರು ಅತ್ತ ಬಿಟ್ರು.

"ನೀವು ಹ್ಞೂಂ ಅನ್ರಿ, ಮೊದಲಿನಂಗ ಕೆತ್ತಿ ಕೊಡ್ತೇನಿ," ಅಂದೆ.

"ಕಳ್ಳ ಹೆಸರಿನ ಮ್ಯಾಲೆ ಕಾಬಾಕ್ಕ ಹೋಗಲೇನು? ಎದ್ದು ಹೋಗು. ಮಾರಿ ತೋರಸಬ್ಯಾಡ."

ಬಂದೆ. ತುಂಡು ಒಲಿಗೆ ಹಾಕಿದೆ.

೨೪ ಜೂನ್, ಬಂಕಾಪುರ

ಸವಣೂರ ಕಡೆ ಮತ್ತ ಹೋಗಿಲ್ಲ. ಹಜ್‌ದ ಅರ್ಜಿ ಹಾಕೂದು ಮುಗೀತಂತ. ಅವರು ಹಾಕಿಲ್ಲ. ನನ್ನಿಂದ.

೭ ಜುಲೈ

ಮಳಿ. ಮಧ್ಯಾಹ್ನ ಮೆಹಬೂಬ ಬೇಗಂ ಸಾಹೇಬ್ರ ನಿರೋಪ ತಂದ. ಥಂಡಿಗೆ ಮೇಜಿನ ಡ್ರಾವರ್ ಉಬ್ಬಿ ಬಿಗದೇತಂತ. ಅವರು ಜಪಾ ಮಾಡೂ ಮಣಿಸರ, ತಸ್ಬೀ, ಒಳಗ ಸಿಕ್ಕೊಂಡೈತಂತ.

"ಗುತ್ತೆಪ್ಪಗ ರಂದಾ ತಗೊಂಡು ಬಾ ಅನ್ನು. ಬ್ಯಾರೆ ಬಡಿಗ್ಯಾ ಬ್ಯಾಡ," ಅಂದ್ರಂತ.

ಖರೇನ ಅವರು ಹಂಗ ಹೇಳಿದ್ರೇನು ಅಂತ ಎರಡು ಸಲ ಕೇಳಿದೆ. ಅವನ ಮುಂದ ಅತ್ತೆ, ನಾಚಿಕಿ ಇಲ್ದ. ರಂದಾದ ಅಲಗು ಮಸದು ಕುಂತೇನಿ. ನಾಲ್ಕರ ಬಸ್ಸಿಗೆ ಸವಣೂರಿಗೆ —