ಅಟ್ಟ ಸೇರಿದ ಏಸಿ

ಸುಮಿತ್,

ಗ್ಯಾರೇಜಿನ ಚಂದ್ರಣ್ಣನನ್ನು ನೋಡಲು ಆಸ್ಪತ್ರೆಗೆ ಹೋಗುತ್ತಿದ್ದೇನೆ. ನೀನು ಬೋಲ್ಟ್ ಬಿಚ್ಚುವ ಕಬ್ಬಿಣದ ಪಾನದಲ್ಲಿ ಹೊಡೆದ ಹೊಡೆತಕ್ಕೆ ಅವನ ಬಲಗೈ ಮೂಳೆ ತುಂಡಾಗಿದೆ, ಹುಬ್ಬು ಸೀಳಿದೆ.

ನಮ್ಮ ಹಳೇ ಕಾರಿನ ಏಸಿ ಅವನು ಕದ್ದಿಲ್ಲ, ತಮ್ಮಾ. ಇವತ್ತು ಗಂಜಿ ಉಣ್ಣುವಾಗ ಅಪ್ಪಯ್ಯನೇ ಬಾಯಿಬಿಟ್ಟರು: "ಮಳ್ಗಾಲ್ದಗೆ ಏಸಿ ಎಂತಕೆ? ಉಪ್ಪ್ ಗಾಳಿಗೆ ತುಕ್ಕ್ ಹಿಡಿತ್ತ್ ಅಂದ್ಹೇಳಿ ಚಂದ್ರನ್ ಹತ್ರ ಬಿಚ್ಚ್ಸಿ ನಾನೇ ಅಟ್ಟಕ್ಕ್ ಹಾಕಿದ್." ಅಟ್ಟದಲ್ಲಿ ಮಳೆಗಾಲಕ್ಕೆಂದು ಸೌತೆಕಾಯಿ ಕಟ್ಟಿ ತೂಗಿಸಿದಲ್ಲೇ ಏಸಿ ಇದೆ. ತೆಂಗಿನೆಣ್ಣೆ ಸವರಿ ಗೋಣಿಯಲ್ಲಿ ಸುತ್ತಿದ್ದಾರೆ. "ನಿನ್ನ್ ಅಪ್ಪಯ್ಯನ್ ಕೈಯಗೇ ಕೊಟ್ಟದ್ ಮಾರಾಯಾ" ಎಂದು ರಕ್ತ ಸುರಿಯುತ್ತಿದ್ದಾಗಲೂ ಅವನು ಕೂಗಿದ. ನೀನು ಇನ್ನೊಂದು ಬಾರಿಸಿದೆ.

ಬಿಜೂರಿನಿಂದ ಅವನ ಭಾವಂದಿರು ಕತ್ತಿ ಹಿಡಿದು ಹೊರಟಿದ್ದಾರಂತೆ. ಚಂದ್ರಣ್ಣ ಹೇಳಿದರೆ ಮಾತ್ರ ನಿಲ್ಲುತ್ತಾರೆ. ಬಾಗಿಲು ಹಾಕಿಕೊಂಡಿರು. ನಮ್ಮ ಕತ್ತಿ ಹುಡುಕಬೇಡ, ಪಕ್ಕದ ಮನೆಗೆ ಕೊಟ್ಟಿದ್ದೇನೆ. ಸಿಟ್ಟಿನಲ್ಲಿ ಅಪ್ಪಯ್ಯನ ಮೇಲೆ ಕೈಯೆತ್ತಿದೆಯೋ, ನಾನು ನಿನ್ನ ಅಕ್ಕನಲ್ಲ. ಬಂಗ್ಡೆ ಸಾರು ಮುಚ್ಚಿಟ್ಟಿದ್ದೇನೆ, ಉಣ್ಣು.

ಚಂದ್ರಣ್ಣನ ಕಾಲು ಹಿಡಿದಾದರೂ ಭಾವಂದಿರನ್ನು ತಡೆಯಲು ಒಪ್ಪಿಸುತ್ತೇನೆ. ಕೈಗೆ ಪ್ಲಾಸ್ಟರ್ ಹಾಕಿಸಿ ಮನೆಗೆ ಕರೆತರುತ್ತೇನೆ. ಏಸಿ ಬಿಚ್ಚಿದವನೇ ಮತ್ತೆ ಕಾರಿಗೆ ಕೂರಿಸಬೇಕು, ಆದರೆ ಆ ಕೈ ಈಗಿಲ್ಲ. ಅವನು ಕುರ್ಚಿಯಲ್ಲಿ ಕೂತು ಹೇಳಲಿ, ಬೋಲ್ಟ್ ನೀನು ಬಿಗಿ.

ಪಾನ ಅಂಗಳದಲ್ಲೇ ಬಿದ್ದಿದೆ. ಅವನು ಬರುವುದರೊಳಗೆ ರಕ್ತ ತೊಳೆದಿಡು.

ಅಕ್ಕ