ಚೂಡಾಮಣಿಯ ಪರವಾಗಿ ದಾವೆ

ನೀವು ಏಳುವ ಮುಂಚೆಯೇ ಹೊರಟಿದ್ದೇನೆ. ಲಕ್ಷ್ಮೀಪುರಂ ವಕೀಲರ ಮನೆಗೇ.

ಅನ್ನ, ಹುಳಿ ಮುಚ್ಚಿಟ್ಟಿದೆ. ಹಜಾರದ ಕುರ್ಚಿ ಸರಿಸಬೇಡಿ. ನಿನ್ನೆಯೂ ಚೂಡಾಮಣಿ ಎಡವಿ ಬಿದ್ದಳು.

ತಲೆನೋವು, ವಾಂತಿ, ಕಣ್ಣು ಮಂಜು ಎಂದು ಅವಳು ಅತ್ತಾಗ ನಿಮ್ಮ ಸ್ನೇಹಿತ ಡಾಕ್ಟರು, "ಮದುವೆ ಮಾಡ್ರೀ, ಎಲ್ಲಾ ಸರಿಹೋಗುತ್ತೆ" ಅಂದರು. ಮದರಾಸಿನವರು ಮಿದುಳಿನ ಗೆಡ್ಡೆ ಕಂಡುಹಿಡಿಯುವಷ್ಟರಲ್ಲಿ ದೃಷ್ಟಿಯೇ ಹೋಗಿತ್ತು. ಈಗ ನೀವು, "ಕೋರ್ಟು ಮೆಟ್ಟಿಲು ಹತ್ತಿದ ಹುಡುಗೀನ ಯಾರು ಮದುವೆಯಾಗ್ತಾರೆ ಕಣೇ?" ಅನ್ನುತ್ತೀರಿ. ಇಬ್ಬರದೂ ಒಂದೇ ಔಷಧಿ.

ಅವಳಿನ್ನೂ ಮೈನರು. ತಂದೆ ಒಪ್ಪದಿದ್ದರೂ ಡಾಕ್ಟರ ಮೇಲೆ ತಾಯಿ ದಾವೆ ಹೂಡಬಹುದಂತೆ. ಸಹಿ ನಾನೇ ಹಾಕುತ್ತೇನೆ.

ಸಂಜೆ ಡಾಕ್ಟರು ಇಸ್ಪೀಟಿಗೆ ಬಂದರೆ ಕಾಫಿ ನೀವೇ ಬೆರೆಸಿ ಕೊಡಿ. ಅವಳನ್ನು ಕರೆಯಬೇಡಿ. ಅವರ ದನಿ ಕೇಳಿದರೆ ಈಗಲೂ ಎದ್ದು ನಿಂತು, ಗೋಡೆಯ ಕಡೆಗೆ ಕೈಮುಗಿಯುತ್ತಾಳೆ.

ಅಲಮೇಲು