ಫಿನ್‌ಲ್ಯಾಂಡಿಗೆ ಹೊರಟು ಮಮದಾಪುರದಲ್ಲಿ ಇಳಿದವಳಿಂದ ಪ್ರಾಚಾರ್ಯರಿಗೆ

ಮಾನ್ಯ ಪ್ರಾಚಾರ್ಯರೇ,

ತಾವು ಸ್ವಹಸ್ತದಿಂದ ಶಾಲು ಹೊದಿಸಿ ಫಿನ್‌ಲ್ಯಾಂಡ್ ದೇಶಕ್ಕೆ ಕಳುಹಿಸಿಕೊಟ್ಟ ವಿದ್ಯಾರ್ಥಿನಿ ನಾನು. ಈ ಪತ್ರವನ್ನು ಮಮದಾಪುರದಿಂದ ಬರೆಯುತ್ತಿದ್ದೇನೆ. ನಾಗರ ಅಮಾವಾಸ್ಯೆಗೆ ಮೊದಲು ಮನೆ ಬಿಟ್ಟವಳು ಸೀಗಿ ಹುಣ್ಣಿಮೆ ಕಳೆದರೂ ಇಲ್ಲೇ ಇದ್ದೇನೆ. ಕಾರಣ ಇಷ್ಟೇ: ನಾನು ಅಲ್ಲಿ ಓದುವ ಒಂದು ಸೆಮಿಸ್ಟರನ್ನು ಇಲ್ಲಿಯ ಸೆಮಿಸ್ಟರ್ ಎಂದೇ ಪರಿಗಣಿಸಲಾಗುವುದು ಎಂಬ ಒಂದು ಪುಟದ ಪತ್ರಕ್ಕೆ ತಮ್ಮ ಸಹಿ ಬಿದ್ದಿಲ್ಲ. ಆ ಪತ್ರವಿಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ವಿಮಾನವಿಲ್ಲ. ಅಲ್ಲಿಯ ವಿಶ್ವವಿದ್ಯಾಲಯದವರು ದೊಡ್ಡ ಮನಸ್ಸು ಮಾಡಿ ನನ್ನ ಸೀಟನ್ನು ಜನವರಿಗೆ ಮುಂದೂಡಿದ್ದಾರೆ. ಈ ತಿಂಗಳ ಕೊನೆಯೊಳಗೆ ಪತ್ರ ತಲುಪದಿದ್ದರೆ ಸೀಟು ಬೇರೆಯವರ ಪಾಲು ಎಂದೂ ತಿಳಿಸಿದ್ದಾರೆ. ಆದ್ದರಿಂದಲೇ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಲಕೋಟೆಯೊಳಗೆ ಹಾಕಿ ಕೊಟ್ಟ ಅರ್ಜಿಗಳನ್ನು ತಾವು ಓದಿದ ಲಕ್ಷಣ ಇದುವರೆಗೆ ಕಂಡಿಲ್ಲ.

ಮೊದಲು ನನ್ನ ಪೆದ್ದುತನವನ್ನು ಹೇಳಿಬಿಡುತ್ತೇನೆ, ತಮ್ಮ ಕಚೇರಿಯ ಜಾಣತನಕ್ಕೆ ಆಮೇಲೆ ಬರೋಣ. ನಾನು ಪರಿಸರ ವಿಜ್ಞಾನ ಓದುವವಳು, ಕೆರೆಗಳ ನೀರಿನ ಪರೀಕ್ಷೆ ನನ್ನ ಅಧ್ಯಯನದ ವಿಷಯ. ಎಲ್ಲಿ ನೋಡಿದರಲ್ಲಿ ಕೆರೆಗಳೇ ಇರುವ ದೇಶವೊಂದು 'ಬಾ, ಒಂದು ಸೆಮಿಸ್ಟರ್ ನಮ್ಮಲ್ಲಿ ಓದಿ ಹೋಗು' ಎಂದು ಕರೆದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಸತ್ಕಾರ ಏರ್ಪಟ್ಟಿತು. ತಾವು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಇದು ಈ ಕಾಲೇಜಿನ ಇತಿಹಾಸದಲ್ಲೇ ಮೊದಲು ಎಂದು ಭಾಷಣ ಮಾಡಿದಿರಿ. ನಾನೂ ಮೈಕಿನ ಮುಂದೆ ಗದ್ಗದಿತಳಾಗಿ, ಆದಷ್ಟು ಬೇಗ ಮರಳಿ ಬಂದು ಈ ನೆಲದ ಸೇವೆ ಮಾಡುತ್ತೇನೆ ಎಂದೆ. ಅಷ್ಟೊಂದು ಬೇಗ ಮರಳುತ್ತೇನೆಂದು ನನಗೂ ತಿಳಿದಿರಲಿಲ್ಲ. ವಿಜಯಪುರದ ಗಾಂಧಿ ಚೌಕದಲ್ಲಿ ಅಪ್ಪನ ಬೆಲ್ಲ-ಬೇಳೆಯ ಅಂಗಡಿಯ ಮೇಲೆ ಫ್ಲೆಕ್ಸ್ ಏರಿತು. ಅದರಲ್ಲಿ ನನಗಿಂತ ವಿಮಾನ ದೊಡ್ಡದಿತ್ತು, ವಿಮಾನಕ್ಕಿಂತ ಹೆಚ್ಚಿನ ಜಾಗವನ್ನು ಶುಭ ಕೋರುವವರ ಮುಖಗಳು ಹಿಡಿದಿದ್ದವು. ಸ್ಟೇಷನ್ ರಸ್ತೆಯ ಅಂಗಡಿಗೆ ಸ್ವೆಟರ್ ಕೊಳ್ಳಲು ಹೋದೆ. ಅಂಗಡಿಯ ಮಹಮ್ಮದ ಚಾಚಾ, "ಈ ಸೆಕಿಯಾಗ ಸ್ವೆಟರ್ ಯಾರಿಗವ್ವಾ?" ಎಂದು ಕೇಳಿದ್ದೇ ತಡ, ಮೈನಸ್ ಡಿಗ್ರಿ ಚಳಿಯ ಬಗ್ಗೆ ಅವರಿಗೊಂದು ಪಾಠ ಒಪ್ಪಿಸಿದೆ. ಪಾಪ, ಅವರು ಪೂರ್ತಿ ಕೇಳಿಸಿಕೊಂಡು ಅಟ್ಟದ ಮೇಲಿದ್ದ ಹೋದ ವರ್ಷದ ಮಾಲನ್ನು ಇಳಿಸಿ ತಂದರು.

ಆದರೆ ಪೆದ್ದುತನದಲ್ಲಿ ನಾನೊಬ್ಬಳೇ ಅಲ್ಲ, ನಮ್ಮ ಮನೆತನವೇ ಪಾಲುದಾರ. ನಮ್ಮ ಕಡೆ ಸತ್ಕಾರ ಆಯಿತೆಂದರೆ ಕೆಲಸ ಆಯಿತೆಂದೇ ಅರ್ಥ. ಪತ್ರ ಇನ್ನೂ ಕೈಗೆ ಬಂದಿಲ್ಲ ಎಂದು ನಾನು ಒಮ್ಮೆ ಅಂದಾಗ ಅಪ್ಪ ಸಿದ್ದರಾಮ ನಕ್ಕುಬಿಟ್ಟರು. "ನಾಕ ಮಂದಿ ಮುಂದ ಶಾಲ ಹೊದಿಸ್ಯಾರ. ಇನ್ನ ಸಹಿ ಮಾಡದ ಬಿಡ್ತಾರೇನು?" ಎಂದರು. ಅಮಾವಾಸ್ಯೆಗೆ ಮೊದಲೇ ಮನೆ ಬಿಡಬೇಕೆಂದು ನಿಶ್ಚಯವಾಯಿತು. ಅಪ್ಪನ ಅಕ್ಕ ಗುರುಬಸವ್ವ ಅತ್ತೆ ಮಮದಾಪುರದಿಂದ ಬಂದು, ನನ್ನನ್ನು ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಗಳಿಂದ ಉಡಿ ತುಂಬಿದರು. ಮುಂಬೈಗೆ ಹೋಗಿ ವೀಸಾ ಕೆಲಸ ಮುಗಿಸಿ, ಪರಿಚಯದವರ ಮನೆಯಲ್ಲಿದ್ದು, ಅಲ್ಲಿಂದಲೇ ವಿಮಾನ ಹತ್ತುವುದೆಂದು ಲೆಕ್ಕ. ತಮ್ಮ ಕಚೇರಿಯವರು ಫೋನಿನಲ್ಲಿ, "ನೀವು ಗಾಡಿ ಹತ್ರಿ. ಮುಂಬೈ ಮುಟ್ಟೂದ್ರಾಗ ಪತ್ರ ಬಂದಿರತೈತಿ," ಎಂದು ಧೈರ್ಯ ಹೇಳಿದರು. ಬೀಗರು ಬಿಜ್ಜರೆಲ್ಲ ಸ್ಟೇಷನ್ನಿಗೆ ಬಂದು ಕೈ ಬೀಸಿದರು. ಸೊಲ್ಲಾಪುರ ಬರುವಷ್ಟರಲ್ಲಿ ಅದೇ ಕಚೇರಿಯಿಂದ ಮತ್ತೆ ಫೋನು. "ಫೈಲ್ ಸಾಹೇಬ್ರ ಟೇಬಲ್ ಮ್ಯಾಲೆ ಐತ್ರಿ. ಹಿಂದ ಯಾರರೆ ಹಿಂಗ ಹೋಗಿದ್ರ ಅವರ ಹಳೇ ಫೈಲ್ ಬೇಕಂತ್ರಿ. ಅದನ್ನ ನೋಡಿ ಮಾಡಬೇಕಂತ." ನಾನು ಸೊಲ್ಲಾಪುರದಲ್ಲಿ ಇಳಿದೆ. ಒಟ್ಟಿನಲ್ಲಿ ನನ್ನ ವಿದೇಶ ಪ್ರವಾಸ ಪಕ್ಕದ ರಾಜ್ಯದ ಮಟ್ಟಿಗಾದರೂ ಯಶಸ್ವಿಯಾಯಿತು.

ಮನೆಗೆ ಹೋಗೋಣವೆಂದರೆ ಅತ್ತೆ ಫೋನಿನಲ್ಲೇ ತಡೆದರು. "ಉಡಿ ತುಂಬಿಸಿಕೊಂಡು ಹೊಸ್ತಿಲಾ ದಾಟೀದಿ. ಕೆಲಸಾಗದ ತಿರಗಿ ಅದ ಹೊಸ್ತಿಲಾ ತುಳೀಬಾರದವ್ವಾ. ಪತ್ರ ಬರೂತನ ನಮ್ಮನಿಗೆ ಬಾ," ಎಂದರು. ವಿಜ್ಞಾನದ ವಿದ್ಯಾರ್ಥಿನಿಯಾದ ನಾನು ಈ ಮೂಢನಂಬಿಕೆಯನ್ನು ಖಂಡಿಸಬೇಕಿತ್ತು. ಖಂಡಿಸಲಿಲ್ಲ. ಫ್ಲೆಕ್ಸಿನ ಕೆಳಗೆ ಹಾಯ್ದು ಮನೆಗೆ ಹೋಗುವುದಕ್ಕಿಂತ ಮೂಢನಂಬಿಕೆಯೇ ಎಷ್ಟೋ ವಾಸಿ ಅನ್ನಿಸಿತು. ವಿಜಯಪುರದ ಬಸ್ ನಿಲ್ದಾಣದಲ್ಲಿ ಓಢಣಿಯಿಂದ ಮುಖ ಮುಚ್ಚಿಕೊಂಡು ನಿಂತು, ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಮಮದಾಪುರ ಸೇರಿದೆ. ನನ್ನ ದೊಡ್ಡ ಸೂಟ್‌ಕೇಸ್ ನೋಡಿ ನೆರೆಮನೆಯ ಬೋರವ್ವ ವಿಚಾರಿಸಿದಳು. ಅತ್ತೆ ಸುಳ್ಳು ಹೇಳುವವರಲ್ಲ. "ಫಿನ್‌ಲ್ಯಾಂಡಿಗೆ ಹೊಂಟಾಳ. ನಡುವ ಇಳದಾಳ," ಎಂದರು. ಬೋರವ್ವ ತುಸು ಯೋಚಿಸಿ, "ಅಲ್ಲಿಗೆ ಹೋಗಾಕ ಇಲ್ಲಿ ಇಳೀಬೇಕೇನ ಬೇ?" ಎಂದು ಕೇಳಿದಳು. ಇದಕ್ಕೆ ತಮ್ಮ ಹತ್ತಿರ ಉತ್ತರವಿದ್ದರೆ ದಯವಿಟ್ಟು ಆಕೆಗೆ ತಿಳಿಸಬೇಕು.

ಈಗ ತಮ್ಮ ಕಚೇರಿಯ ಜಾಣತನ. ಸುಮ್ಮನೆ ಕೂತು ಏನು ಮಾಡಲಿ, ಪತ್ರ ಬರುವವರೆಗೆ ಇಲ್ಲಿಯ ತರಗತಿಗಳಿಗಾದರೂ ಬರುತ್ತೇನೆ ಎಂದು ನಾನು ಕಚೇರಿಗೆ ಫೋನು ಮಾಡಿದೆ. ಮರ್ಯಾದೆ ಹೋದರೆ ಹೋಗಲಿ, ಹಾಜರಿ ಉಳಿಯಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವರು ಗಾಬರಿಯಾಗಿ, "ನೀವು ವಿದೇಶದಾಗ ಓದಾಕತ್ತೀರಿ ಅಂತ ವಾರ್ಷಿಕ ವರದಿ ಹೋಗೈತ್ರಿ. ಈಗ ಕ್ಲಾಸಿನ್ಯಾಗ ಬಂದು ಕುಂತ್ರ ಹೆಂಗ್ರಿ ಮೇಡಂ?" ಎಂದರು. ಅಂದರೆ ವರದಿಯ ಪ್ರಕಾರ ನಾನು ಫಿನ್‌ಲ್ಯಾಂಡಿನಲ್ಲಿದ್ದೇನೆ, ಹಾಜರಿಯ ಪ್ರಕಾರ ಗೈರು, ಕಡತದ ಪ್ರಕಾರ ಪರಿಶೀಲನೆಯಲ್ಲಿದ್ದೇನೆ. ರೊಟ್ಟಿ ತಿನ್ನುವ ದೇಹ ಮಾತ್ರ ಮಮದಾಪುರದಲ್ಲಿದೆ. ಕಾಲೇಜಿನ ಕೀರ್ತಿಗಾಗಿ ಹೋಗಿರುವ ಹುಡುಗಿ, ಕಾಲೇಜಿನ ಅನುಮತಿಗಾಗಿ ಇನ್ನೂ ಹೊರಟೇ ಇಲ್ಲವೆಂದರೆ ಇದನ್ನು ಯಾವ ಶಾಸ್ತ್ರದ ಅಡಿಯಲ್ಲಿ ಅರ್ಥ ಮಾಡಿಕೊಳ್ಳಬೇಕು? ಸೀಟು ಹೋದರೆ ಅದರ ಜೊತೆಗೆ ಈ ವರ್ಷವೂ ಹೋಗುತ್ತದೆ, ಏಕೆಂದರೆ ಇಲ್ಲಿ ಪರೀಕ್ಷೆಗೆ ಕೂರಲು ನನಗೆ ಹಾಜರಿ ಇಲ್ಲ.

ಇನ್ನು ಆ ಹಳೆಯ ಫೈಲು. ಹಿಂದೆ ಹೋದವರ ಕಡತ ನೋಡಿ ಮುಂದೆ ಹೋಗುವವರ ಕಡತಕ್ಕೆ ಸಹಿ ಮಾಡುವುದು ಎಚ್ಚರಿಕೆಯ ಪದ್ಧತಿ, ನಾನು ಒಪ್ಪುತ್ತೇನೆ. ಆದರೆ ನಾನೇ ಮೊದಲನೆಯವಳು ಎಂದು ವೇದಿಕೆಯ ಮೇಲೆ ಹೇಳಿದವರು ತಾವೇ ಅಲ್ಲವೇ? ಮೊದಲನೆಯವಳು ಎಂದು ಸತ್ಕಾರ ಮಾಡಿ, ಎರಡನೆಯವಳಲ್ಲ ಎಂದು ಸಹಿ ತಡೆಯುವುದು ಯಾವ ಸೀಮೆಯ ನ್ಯಾಯ? ಈ ಪದ್ಧತಿಯನ್ನು ಹಿಂದಿನಿಂದಲೂ ಪಾಲಿಸಿದ್ದರೆ ತಮ್ಮ ಕಾಲೇಜಿಗೆ ಮೊದಲ ಪ್ರಾಚಾರ್ಯರು ನೇಮಕವಾಗುತ್ತಿದ್ದರೇ? ಶಾಲು ಹೊದಿಸುವಾಗ ಯಾರ ಹಳೆಯ ಫೈಲನ್ನು ತಾವು ನೋಡಿದಿರಿ? ನಾನು ಸಿಟ್ಟಿನಿಂದ ಕೇಳುತ್ತಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ಬಿಡುವು ಬೇಕಾದಷ್ಟಿದೆ.

ಈ ನಾಟಕ ಹೀಗೆಯೇ ನಡೆಯುತ್ತಿತ್ತೇನೋ. ಆದರೆ ಟಿಕೋಟಾದಲ್ಲಿ ನನಗೊಬ್ಬ ಕಾಕಾ ಇದ್ದಾರೆ, ಅಪ್ಪನ ತಮ್ಮ ಗುರಲಿಂಗಪ್ಪ. ದ್ರಾಕ್ಷಿ ತೋಟ ಮಾಡಿಕೊಂಡಿರುವವರು. ಅಪ್ಪ, ಅವ್ವ, ಅತ್ತೆ ಬಿಟ್ಟರೆ ಸಂಬಂಧಿಕರಲ್ಲಿ ಯಾರಿಗೂ ನನ್ನ ನಿಜ ಸ್ಥಿತಿ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ದಸರೆಯ ಸುಮಾರಿಗೆ ಅವರು ವಿಡಿಯೊ ಕರೆ ಮಾಡಿ, ಆ ದೇಶ ಹೇಗಿದೆ ತೋರಿಸು ಎಂದರು. ನಾನು ಮಮದಾಪುರದ ಕೆರೆಯ ದಂಡೆಗೆ ಓಡಿದೆ, ಸ್ವೆಟರ್ ಹಾಕಿಕೊಂಡು. ನೀರು ತುಂಬಿತ್ತು, ಬಿಸಿಲು ಇಳಿದಿತ್ತು, ನೋಟವೇನೋ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ನಾಲ್ಕು ಎಮ್ಮೆಗಳು ನೀರಿಗಿಳಿದವು.

"ಅಲ್ಲೂ ಎಮ್ಮಿ ಅದಾವೇನವ್ವಾ?" ಎಂದರು ಕಾಕಾ.

"ಅದಾವ ಕಾಕಾ, ಭಾಳ ಅದಾವ," ಎಂದೆ.

ಮುಖದಲ್ಲಿ ಬೆವರು ಇಳಿಯುತ್ತಿತ್ತು. ಆಗಲೇ ನನ್ನ ಹಿಂದಿನ ರಸ್ತೆಯಲ್ಲಿ ಬಬಲೇಶ್ವರದ ಕೆಂಪು ಬಸ್ಸು ಬೋರ್ಡು ಸಮೇತ ಹಾಯ್ದುಹೋಯಿತು. ಕಾಕಾ, "ಬಸ್ಸಿನ ವ್ಯವಸ್ಥಾ ಛಲೋ ಐತಿ," ಎಂದು ಕರೆ ಮುಗಿಸಿದರು. ಮರುದಿನ ಬೆಳಿಗ್ಗೆ ಅದೇ ಬಸ್ಸಿನಿಂದ ಇಳಿದರು, ಕೈಯಲ್ಲಿ ಒಣದ್ರಾಕ್ಷಿಯ ಚೀಲ.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, ಚಹಾ ಕುಡಿದು, ನಿಧಾನವಾಗಿ ಹೇಳಿದರು: "ನಮ್ಮ ವಿದ್ಯಾನೂ ಮುಂದಿನ ವರ್ಷ ಹಿಂಗ ಅರ್ಜಿ ಹಾಕ್ತೀನಿ ಅನ್ನಾಕತ್ತಿದ್ಲು. ನಮ್ಮ ಮನಿತನದಾಗ ಹೆಣಮಕ್ಕಳು ಯಾರು ಹಂಗ ಹೋಗ್ಯಾರ ಅಂತ ಕೇಳಿದ್ದಕ್ಕ, ಐಶ್ವರ್ಯ ಅಕ್ಕ ಹೋಗ್ಯಾಳಲ್ಲ ಅಂತ ನಿನ್ನ ಹೆಸರ ಹೇಳಿದ್ಲು. ನನ್ನ ಬಾಯಿ ಕಟ್ಟತು. ಈಗ ಏನಂತ ಹೇಳ್ಲಿ? ಶಾಲ ಹೊದಿಸಿದಾಕೀನ ಕಳಸಲಿಲ್ಲಂದ್ರ, ಬರೇ ಅರ್ಜಿ ಹಿಡಕೊಂಡು ಹೋದಾಕೀನ ಯಾರು ಕಳಸ್ತಾರ? ಬ್ಯಾಡ ಅಂತ ಹೇಳಿಬಿಡ್ತೀನಿ."

ವಿದ್ಯಾ, ಅಂದರೆ ವಿದ್ಯಾವತಿ, ಅವರ ಮಗಳು. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಳೆ, ಬರುವ ವರ್ಷ ತಮ್ಮ ಕಾಲೇಜಿಗೇ ಬರುವವಳು. ನನಗಿಂತ ಚುರುಕು, ನನ್ನಷ್ಟು ಭಾಷಣದ ಚಟವಿಲ್ಲ. ಕಾಕಾ ಹೋದ ಮೇಲೆ ನಾನು ಮೊದಲ ಸಲ ಅತ್ತುಬಿಟ್ಟೆ. ಅದುವರೆಗೆ ಇದು ನನ್ನ ಫಜೀತಿ, ನಗುತ್ತ ಅನುಭವಿಸಬಹುದು ಎಂದುಕೊಂಡಿದ್ದೆ. ಈ ಪತ್ರ ಪತ್ರಿಕೆಗೆ ಹೋಗುತ್ತದೆ ಎಂದಾಗ ಗುರುಬಸವ್ವ ಅತ್ತೆ, "ಊರಿಗೆಲ್ಲ ಗೊತ್ತಾಗತೈತೆಲ್ಲವ್ವಾ," ಎಂದು ಕಳವಳಪಟ್ಟರು. ಗೊತ್ತಾಗಲಿ. ನನಗೆ ನಾಚಿಕೆಯಾಗಿದೆ, ಗಾಂಧಿ ಚೌಕದಲ್ಲಿ ಅಪ್ಪ ಅದೇ ಫ್ಲೆಕ್ಸಿನ ಕೆಳಗೆ ದಿನವೂ ಅಂಗಡಿ ತೆರೆಯಬೇಕು. ಆದರೆ ಹೋಗಬೇಕೆಂಬ ಆಸೆ ಒಂದಿಷ್ಟೂ ಕಡಿಮೆಯಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಿಂಗಳು ಮುಗಿಯುವುದರೊಳಗೆ ಆ ಒಂದು ಪುಟಕ್ಕೆ ಸಹಿ ಮಾಡಿ. ಮಾಡಲಾರಿರಾದರೆ, ಮಾಡುವುದಿಲ್ಲ ಎಂದೂ ಏಕೆ ಎಂದೂ ಬರೆದು ತಿಳಿಸಿ, ವಾರ್ಷಿಕ ವರದಿಯಿಂದ ನನ್ನ ಹೆಸರನ್ನು ಹೊಡೆದುಹಾಕಿ, ನಾಳೆಯಿಂದಲೇ ನನ್ನನ್ನು ತರಗತಿಗೆ ಸೇರಿಸಿಕೊಳ್ಳಿ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮಾತ್ರ ಬೇಡ. ನಿನ್ನೆ ವಿದ್ಯಾ ಫೋನು ಮಾಡಿದ್ದಳು. ಅಪ್ಪ ಬೇಡ ಅಂದರೂ ಹೇಗಾದರೂ ಒಪ್ಪಿಸುತ್ತೇನೆ ಎಂದಳು. ಆಮೇಲೆ ಕೇಳಿದಳು: "ಅಕ್ಕಾ, ಮುಂದಿನ ವರ್ಷ ಅವರು ನನಗೂ ಹಳೇ ಫೈಲ್ ಕೇಳಿದ್ರ, ನಾ ಯಾರ ಹೆಸರ ಹೇಳ್ಲಿ?"

ಪ್ರಾಚಾರ್ಯರೇ, ಆಕೆ ನನ್ನ ಹೆಸರು ಹೇಳುವಂತೆ ಮಾಡಿ.

ಇಂತಿ,
ತಮ್ಮ ವರದಿಯ ಪ್ರಕಾರ ಸದ್ಯ ವಿದೇಶದಲ್ಲಿ ವ್ಯಾಸಂಗನಿರತಳಾಗಿರುವ,
ಐಶ್ವರ್ಯ ಸಿದ್ದರಾಮ ಕೋಟ್ಯಾಳ
ಮೊಕ್ಕಾಂ: ಅತ್ತೆಯ ಮನೆ, ಮಮದಾಪುರ